ಮಾರಾಟವಾಗದ ಪತ್ರಿಕೆ ಕಲಿಸಿದ ಪಾಠ

ವಿಜ್ಞಾನ ಮೇಳಕ್ಕೆಂದು ಹತ್ತನೇ ತರಗತಿಯ ಮಕ್ಕಳು ಬರೆದ ಪ್ರಬಂಧಗಳನ್ನು ತಿದ್ದುತ್ತಿದ್ದೆ. ಕೊನೆಯಲ್ಲಿ ಆಧಾರ ಗ್ರಂಥಗಳ ಹೆಸರು ಬರೆಯಬೇಕೆಂಬುದು ನನ್ನ ನಿಯಮ. ನೋಡಿದರೆ ಎಲ್ಲರೂ ಬರೆದದ್ದು ಅದೇ ಎರಡು ಪುಸ್ತಕ! ಎರಡೂ ನಮ್ಮ ಗ್ರಂಥಾಲಯದ ಮುಂದಿನ ಕಪಾಟಿನಲ್ಲಿರುವವು. ಹಿಂದಿನ ಕಪಾಟಿನಲ್ಲಿ ಅದಕ್ಕಿಂತ ಒಳ್ಳೆಯ ಪುಸ್ತಕಗಳಿವೆ. ಯಾರೂ ಮುಟ್ಟಿರಲಿಲ್ಲ.

ದೊಡ್ಡವರ ವಿಜ್ಞಾನದಲ್ಲೂ ಇದೇ ಕಥೆ.

ವೈದ್ಯಕೀಯ ಸಂಶೋಧಕರು ಲೇಖನ ಬರೆಯುವಾಗ ತಾವು ಆಧರಿಸಿದ ಹಿಂದಿನ ಲೇಖನಗಳನ್ನು ಉಲ್ಲೇಖಿಸುತ್ತಾರೆ. ಯಾವ ಲೇಖನವನ್ನು ಯಾರೆಲ್ಲ ಉಲ್ಲೇಖಿಸಿದ್ದಾರೆ ಎಂದು ತಿಳಿಸುವ ಸೂಚಿ ಬೇಕೆಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ವಾದಿಸಿದರು. 1960ರ ದಶಕದಲ್ಲಿ ಆ ಸೂಚಿ ಅಚ್ಚಾಗಿ ಬಂತು. ಹೆಚ್ಚು ಉಲ್ಲೇಖವಾದದ್ದೇ ಶ್ರೇಷ್ಠ ಎಂಬ ಭಾವನೆಯೂ ಜತೆಗೇ ಬೆಳೆಯಿತು.

ಆದರೆ ಉಲ್ಲೇಖ ಹೆಚ್ಚಲು ಗುಣವೊಂದೇ ಕಾರಣವೇ? 1991ರಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನ ಕೆಲವು ಲೇಖನಗಳ ಬಗ್ಗೆ 'ನ್ಯೂಯಾರ್ಕ್ ಟೈಮ್ಸ್' ದಿನಪತ್ರಿಕೆ ಸುದ್ದಿ ಮಾಡಿತ್ತು. ಅವು ಮೊದಲ ವರ್ಷದಲ್ಲೇ ಉಳಿದವುಗಳಿಗಿಂತ ಸುಮಾರು 73 ಶೇಕಡಾ ಹೆಚ್ಚು ಉಲ್ಲೇಖ ಪಡೆದಿದ್ದವು.

"ಪತ್ರಿಕೆಯವರು ಒಳ್ಳೆಯದನ್ನೇ ಆರಿಸಿದ್ದರು, ಅಷ್ಟೇ" ಎನ್ನಬಹುದಲ್ಲವೇ? ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಮುಷ್ಕರದಿಂದ! 1978ರಲ್ಲಿ ಸುಮಾರು 12 ವಾರ ಆ ಪತ್ರಿಕೆಯಲ್ಲಿ ಮುಷ್ಕರ ನಡೆದಿತ್ತು. ದಾಖಲೆಗೆಂದು ಸಂಚಿಕೆ ಸಿದ್ಧವಾಗುತ್ತಿತ್ತು, ಮಾರಾಟವಿರಲಿಲ್ಲ. ಲೇಖನಗಳನ್ನು ಆರಿಸಿದ್ದೇನೋ ನಿಜ, ಆದರೆ ಓದುಗರು ಆ ಸುದ್ದಿ ನೋಡಲಿಲ್ಲ. ಆ ವಾರಗಳಲ್ಲಿ ಆರಿಸಿದ ಲೇಖನಗಳಿಗೆ ಹೆಚ್ಚಿನ ಉಲ್ಲೇಖವೇನೂ ಸಿಗಲಿಲ್ಲ. ಅಂದರೆ ವೈದ್ಯವಿಜ್ಞಾನಿಗಳೂ ನಮ್ಮ ಮಕ್ಕಳಂತೆಯೇ, ಕಣ್ಣಿಗೆ ಬಿದ್ದದ್ದನ್ನೇ ಹೆಚ್ಚು ಹೆಸರಿಸುತ್ತಾರೆ.

ಹಾಗಾದರೆ ಕಣ್ಣಿಗೆ ಬೀಳದವರ ಗತಿ? ಕಲ್ಕತ್ತೆಯ ಡಾ. ಶಂಭುನಾಥ್ ಡೇ ಅವರನ್ನು ನೆನೆಯಬೇಕು. ಕಾಲರಾ ರೋಗಾಣು ಹೊರಬಿಡುವ ವಿಷವೇ ಕರುಳಿನಲ್ಲಿ ನೀರು ತುಂಬಿಸುತ್ತದೆ ಎಂದು ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿ, 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂಥ ಹೆಸರಾಂತ ಪತ್ರಿಕೆಯಲ್ಲಿ ಬಂದರೂ ಅದರ ಮಹತ್ವ ಕೂಡಲೇ ಯಾರಿಗೂ ಹೊಳೆಯಲಿಲ್ಲ. 1969ರಲ್ಲಿ ಅಮೆರಿಕದಲ್ಲಿ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ ಡೇ ಅವರಿಗೆ ಆಹ್ವಾನ ಬಂತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. 1985ರಲ್ಲಿ ತೀರಿಕೊಂಡಾಗಲೂ ಸ್ವದೇಶದ ಯಾವ ದೊಡ್ಡ ಪ್ರಶಸ್ತಿಯೂ ಅವರಿಗೆ ದೊರೆತಿರಲಿಲ್ಲ. ಮರುವರ್ಷ ಅವರ ಕೆಲಸದ ಹಿರಿಮೆಯ ಬಗ್ಗೆ ಬರೆದವರು ಅದೇ ಗಾರ್ಫೀಲ್ಡ್! 1990ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಅವರಿಗಾಗಿ ವಿಶೇಷ ಸಂಚಿಕೆಯನ್ನೇ ತಂದಿತು.

ಎರಡು ರಾಜ್ಯಗಳ ಅಂಚಿನಲ್ಲಿ ಕನ್ನಡ ಶಾಲೆ ನಡೆಸುವ ನಮಗೆ, ಕಣ್ಣಿಗೆ ಬೀಳದೇ ಇರುವುದೆಂದರೇನೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ಮೊನ್ನೆ ಗ್ರಂಥಾಲಯದ ಪುಸ್ತಕಗಳನ್ನು ಹಿಂದುಮುಂದು ಮಾಡಿ ಜೋಡಿಸಿದೆ. ಮುಂದಿನ ಪ್ರಬಂಧಗಳಲ್ಲಿ ಯಾವ ಹೆಸರುಗಳು ಬರುತ್ತವೋ, ನೋಡೋಣ. ನಿಮ್ಮ ಶಾಲೆಯಲ್ಲೂ ಒಮ್ಮೆ ಮಾಡಿ ನೋಡುತ್ತೀರಲ್ಲ?