ಹರಿಹರ ಸೀಮೆಯ ಗೃಹಕೃತ್ಯದಲ್ಲಿ ಮಿತವ್ಯಯ

ತುಂಗಭದ್ರಾ ತೀರದ ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ. ಶ. 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಿಲಾಶಾಸನಗಳು ದಾನಿಗಳ ಔದಾರ್ಯವನ್ನು ವಿಸ್ತಾರವಾಗಿ ವರ್ಣಿಸುತ್ತವೆ. ಆದರೆ ಹರಿಹರದಲ್ಲಿಯೂ ನೆರೆಯ ಗುತ್ತೂರು ಮೊದಲಾದ ಗ್ರಾಮಗಳಲ್ಲಿಯೂ ಇದ್ದ ಪದಾರ್ಥವನ್ನು ಕೆಡಿಸದೆ ಬಳಸಿ ಸಂಸಾರವನ್ನು ನಡೆಸಿದ ಗೃಹಿಣಿಯರಿಗೆ ಶಾಸನವಿಲ್ಲ. ಕೊಟ್ಟವನ ಹೆಸರು ಕಲ್ಲಿನಲ್ಲಿ ನಿಂತಿತು. ಉಳಿಸಿದವಳ ಹೆಸರು ನಿಲ್ಲಲಿಲ್ಲ. ಆದುದರಿಂದ ಮಿತವ್ಯಯದ ಚರಿತ್ರೆಯನ್ನು ಶಾಸ್ತ್ರ, ಶರಣರ ವೃತ್ತಾಂತ, ಮನೆಯ ವಸ್ತು ಎಂಬ ಮೂರು ಆಧಾರಗಳಿಂದ ಅರಿಯಬೇಕಾಗಿದೆ.

ಮೊದಲು ಶಾಸ್ತ್ರವನ್ನು ನೋಡಬಹುದು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ, ಅಧಿಕಾರಿಗಳ ಪರೀಕ್ಷೆಯನ್ನು ಕುರಿತ ಪ್ರಕರಣವೊಂದಿದೆ. ಅಲ್ಲಿ ಧನದ ವಿಷಯದಲ್ಲಿ ದಾರಿ ತಪ್ಪಿದ ಮೂವರ ಲಕ್ಷಣವು ಹೇಳಲ್ಪಟ್ಟಿದೆ. ಪಿತ್ರಾರ್ಜಿತವನ್ನು ಅನ್ಯಾಯದಿಂದ ತಿಂದು ಮುಗಿಸುವವನು ಮೂಲಹರ. ಬಂದುದನ್ನು ಬಂದಂತೆಯೇ ವೆಚ್ಚಮಾಡುವವನು ತಾದಾತ್ವಿಕ. ತನ್ನನ್ನೂ ತನ್ನ ಆಳುಗಳನ್ನೂ ಪೀಡಿಸಿ ಹಣವನ್ನು ಕೂಡಿಡುವವನು ಕದರ್ಯ. ದುಂದುಗಾರನ ಜತೆಯಲ್ಲಿಯೇ ಲೋಭಿಯನ್ನೂ ನಿಲ್ಲಿಸಿರುವುದು ಇಲ್ಲಿ ಗಮನಾರ್ಹವಾದುದು. ಉಳಿತಾಯವು ತಾನಾಗಿಯೇ ಗುಣವಲ್ಲ. ಯಾರನ್ನು ನೋಯಿಸಿ ಉಳಿಯಿತು, ಯಾರಿಗಾಗಿ ಉಳಿಯಿತು ಎಂಬುದೇ ನಿರ್ಣಾಯಕವೆಂದು ಇದರಿಂದ ಊಹಿಸಬಹುದು.

ಈ ಪ್ರಶ್ನೆಗೆ ಕನ್ನಡನಾಡಿನಲ್ಲಿ ದೊರೆತ ಉತ್ತರವೆಂದರೆ 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತ. ಕಲ್ಯಾಣದಲ್ಲಿ ಆಕೆಯ ಪತಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ಪ್ರತ್ಯೇಕ ಸ್ಥಾನವೇ ಇರುತ್ತದೆ. ಬಡವರಾದರೂ ಅವರು ಜಂಗಮದಾಸೋಹವನ್ನು ಬಿಟ್ಟವರಲ್ಲ. ನೆಲಕ್ಕೆ ಬಿದ್ದ ಕಾಳು ವ್ಯರ್ಥವಾಗಬಾರದು, ಬೇಡದ ಕಾಳು ಮನೆಗೆ ಬರಬಾರದು ಎಂಬ ಎರಡು ನಿಯಮಗಳು ಇಲ್ಲಿ ಒಂದೇ ವ್ರತವಾಗಿವೆ.

ಹರಿಹರ–ದಾವಣಗೆರೆಗಳ ಜೋಳ ಹತ್ತಿಗಳ ಸೀಮೆಯಲ್ಲಿ ಇದೇ ನಿಯಮವು ವಸ್ತುರೂಪವಾಗಿ ಕಂಡುಬರುತ್ತದೆ. ಜೋಳದ ಕಾಳು ರೊಟ್ಟಿಗೆ, ಸೊಪ್ಪೆ ದನಗಳಿಗೆ. ದನದ ಸಗಣಿ ಕುಳ್ಳಾಗಿ ಒಲೆಗೆ. ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ ಮತ್ತು ಬೀಜದ ಕಾಳಿಗೆ ಹುಳು ಹಿಡಿಯದಂತೆ ಬೆರೆಸುವುದಕ್ಕೆ. ಕಲಗಚ್ಚು ಮರಳಿ ಹಸುವಿನ ಬಾನಿಗೆ. ಹೈದರಾಲಿಯು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಬಳಿಕ ವ್ಯಾಪಾರಸ್ಥಳವಾಗಿ ಬೆಳೆದ ದಾವಣಗೆರೆಯು ಕಂಬಳಿಗಳಿಗೆ ಹೆಸರಾಗಿದ್ದಿತು. ಹುಳಿಗೆ ಹಣ್ಣನ್ನು ಬಳಸಿದ ಮೇಲೆ ಉಳಿದ ಹುಣಿಸೆಬೀಜವೇ ಕಂಬಳಿಯ ನೂಲಿಗೆ ಹಚ್ಚುವ ಗಂಜಿಯಾಗುತ್ತದೆ. ಕೌದಿಯಾದರೋ ಇವೆಲ್ಲಕ್ಕೂ ಕಿರೀಟಪ್ರಾಯವಾದುದು. ಉಡುವುದಕ್ಕೆ ಬಾರದ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಒತ್ತಾದ ಸಾಲುಹೊಲಿಗೆಯಿಂದ ಕೂಡಿಸಿದರೆ ಹಾಸಲೂ ಹೊದೆಯಲೂ ಒದಗುತ್ತದೆ. ಅಜ್ಜಿಯ ಸೀರೆ ಮೊಮ್ಮಗುವಿನ ಹಾಸಿಗೆಯಾಗುವುದು ಹೀಗೆ. ಆದರೆ ಅರಿವೆಗೆ ವೆಚ್ಚವಿಲ್ಲದಿದ್ದರೂ ಹೊಲಿಗೆಗೆ ಅನೇಕ ದಿನಗಳ ಶ್ರಮವುಂಟು. ಆ ಶ್ರಮವು ಹೆಂಗಸರದು. ಮನೆಯ ಲೆಕ್ಕದಲ್ಲಿ ಅದನ್ನು ಬರೆದವರಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬಡತನವನ್ನೇ ಮಿತವ್ಯಯವೆಂದು ಹೊಗಳಲಾಗದು. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876–78ರಲ್ಲಿ, ಮೈಸೂರು ಸಂಸ್ಥಾನವನ್ನು ಹಾಳುಗೆಡವಿದ ಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದರು. ಉಳಿಸುವುದಕ್ಕೆ ಏನೂ ಇಲ್ಲದವನಿಗೆ ಉಳಿತಾಯದ ಉಪದೇಶವು ಪರಿಹಾಸವಾದೀತು. ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಅಕ್ಕಿ ಆಕೆಯ ಇಚ್ಛೆಯಿಂದ ಹೋಯಿತು. ಕ್ಷಾಮಪೀಡಿತನ ಬರಿದಾದ ಗಡಿಗೆಯಲ್ಲಿ ಇಚ್ಛೆಗೆ ಎಡೆಯೇ ಇಲ್ಲ. ಹಸಿವು ವ್ರತವಲ್ಲ, ಉಪವಾಸವೂ ಉಣ್ಣಬಲ್ಲವನಿಗೆ ಮಾತ್ರ ವ್ರತ.

20ನೆಯ ಶತಮಾನದಲ್ಲಿ ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಪ್ರಖ್ಯಾತವಾಯಿತು. ಮುಂದೆ ಅವುಗಳಲ್ಲಿ ಬಹುಪಾಲು ಮುಚ್ಚಿದವು. ಗಿರಣಿಯ ಅರಿವೆ ಅಗ್ಗವಾದಂತೆ ಹಳೆಯ ಅರಿವೆಯ ಮೇಲಣ ಗೌರವವು ಕಡಮೆಯಾಗುವುದು ಸಹಜ. ಆದರೂ ಕೌದಿಯ ಹೊಲಿಗೆ ನಿಂತಿಲ್ಲ. ಲೋಭಿಯು ವಸ್ತುವನ್ನು ಬಳಸದೆ ಕೆಡಿಸುವನು, ದುಂದುಗಾರನು ಬಳಸುವ ಮೊದಲೇ ಎಸೆಯುವನು. ಮಿತವ್ಯಯಿಯಾದ ಗೃಹಿಣಿಯು ಅದರ ಆಯುಸ್ಸು ಮುಗಿಯುವ ತನಕ ಅದರಿಂದ ಕೆಲಸ ಪಡೆದು, ಉಳಿದುದರಲ್ಲಿ ಮತ್ತೊಬ್ಬರಿಗೆ ಪಾಲಿಡುವಳು. ಪೋಲಾಳ್ವನ ದಾನಕ್ಕೆ ಕಲ್ಲು ಸಾಕ್ಷಿಯಾದಂತೆ ಈಕೆಯ ದಾನಕ್ಕೆ ಆ ಹೊಲಿಗೆಯ ಸಾಲುಗಳೇ ಸಾಕ್ಷಿ. ಗೃಹಜೀವನದ ಚರಿತ್ರೆಯನ್ನು ಬರೆಯುವವರು ಅವುಗಳನ್ನೂ ಓದತಕ್ಕದ್ದು.