ಅಶರೀರವಾಣಿಗೊಂದು ದಾರಿ, ಪೇಟಿಗೊಂದು ದಾರಿ

ಅಬ್ಬಿಗೇರಿಯಲ್ಲಿ ಕೂಗಿದರೆ ದನಿ ತಿರುಗಿ ಬರುವುದಿಲ್ಲ. ಸುತ್ತ ಎರಿ ಹೊಲ. ಕೂಗಿದ್ದೆಲ್ಲ ಕಡಲೆ ಬೆಳೆಯ ಮೇಲೆ ಹಾಯ್ದು ಹೋಗಿಬಿಡುತ್ತದೆ. ಗಜೇಂದ್ರಗಡದವರಿಗಾದರೆ ಕಾಲಕಾಲೇಶ್ವರನ ಗುಡ್ಡವಿದೆ. ಜಾತ್ರೆಯ ನಾಟಕದಲ್ಲಿ ಅಶರೀರವಾಣಿ ಬರುವ ಹೊತ್ತಿಗೆ ನಮಗೂ ಒಂದು ಗುಡ್ಡ ಇರಬೇಕಿತ್ತು ಅನಿಸುತ್ತಿತ್ತು.

ನಾನು ಹುಡುಗನಿದ್ದಾಗ ಆ ಗುಡ್ಡದ ಕೆಲಸವನ್ನು ಕೊಡ ಮಾಡುತ್ತಿತ್ತು. ಪಡದೆಯ ಹಿಂದೆ ಒಬ್ಬ ಖಾಲಿ ತಾಮ್ರದ ಕೊಡಕ್ಕೆ ಬಾಯಿಟ್ಟು ದೇವರ ಮಾತು ಹೇಳುತ್ತಿದ್ದ. ಅದಕ್ಕೂ ಹಿಂದಿನವರಿಗೆ, ಗದಗಿನ ದತ್ತಾತ್ರೇಯ ನಾಟಕ ಮಂಡಳಿಯ ಗರುಡ ಸದಾಶಿವರಾಯರ ಕಾಲದವರಿಗೆ, ಗಂಟಲೇ ಮೈಕು.

ಆಮೇಲೆ ನಾನೇ ಮೈಕ್ ಸೆಟ್ ಬಾಡಿಗೆಗೆ ಕೊಡಲು ಶುರು ಮಾಡಿದೆ. ಒಂದು ಆಂಪ್ಲಿಫೈಯರ್, ಎರಡು ಹಾರ್ನು: ಒಂದು ಗುಡಿಯ ಮಾಳಿಗೆಗೆ, ಒಂದು ಬೇವಿನ ಗಿಡಕ್ಕೆ. ಕೆಲವು ವರ್ಷದ ಮೇಲೆ ಅದಕ್ಕೊಂದು ಎಕೋ ಬೋರ್ಡ್ ಕೂಡಿಸಿದೆ. ಅದರ ಜೀವ ಪಿಟಿ2399 ಎಂಬ 16 ಕಾಲಿನ ಐಸಿ, ತೈವಾನಿನ ಪ್ರಿನ್ಸ್‌ಟನ್ ಟೆಕ್ನಾಲಜಿಯದು. ಒಳಗಿರುವುದು 44 ಕಿಲೋಬಿಟ್ ಮೆಮರಿ. ಬಂದ ದನಿಯನ್ನು ಅದರಲ್ಲಿ ಹಿಡಿದಿಟ್ಟು, ಹೆಚ್ಚೆಂದರೆ ಸೆಕೆಂಡಿನ ಮೂರರಲ್ಲೊಂದು ಪಾಲು ತಡೆದು ಬಿಡುತ್ತದೆ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದಲ್ಲ, ಲೆಕ್ಕ ಹಾಕಿದರೆ 57 ಮೀಟರ್ ಆಚೆ ಗುಡ್ಡ ತಂದು ನಿಲ್ಲಿಸಿದಂತೆ. ಗಜೇಂದ್ರಗಡಕ್ಕೆ ಹೋಗುವುದೇ ಬೇಡ!

ಆದರೆ ಆ ಐಸಿಗೆ ದಾರಿ ಒಂದೇ. ದೇವರ ಮೈಕು, ಪೇಟಿಯ ಮೈಕು, ತಬಲಾದ ಮೈಕು ಎಲ್ಲವೂ ಕಲಸಿಯೇ ಒಳಗೆ ಹೋಗಬೇಕು. ಎಕೋ ತಿರುವಿದೆನೋ, ತಬಲಾದ ಒಂದು ಪೆಟ್ಟು ಮೂರಾಗುತ್ತಿತ್ತು. ಪೇಟಿ ಮಾಸ್ತರು ಅಲ್ಲಿಂದಲೇ ಕೂಗಿದರು: “ಏ ತಮ್ಮಾ, ದೇವರು ಮಾತಾಡಿದ್ರ ನನ್ನ ಪೇಟಿಗ್ಯಾಕೋ ದೆವ್ವ ಬಡೀತೈತಿ?”

ಎರಡು ದಾರಿಯ ಯೋಚನೆ ಹಳೆಯದೇ. ಇಂಗ್ಲೆಂಡಿನ ಅಲನ್ ಬ್ಲಮ್ಲಿನ್ 1931ರಲ್ಲೇ ಸ್ಟೀರಿಯೋದ ಪೇಟೆಂಟಿಗೆ ಅರ್ಜಿ ಹಾಕಿದ್ದ. ತೆರೆಯ ಎಡಕ್ಕೆ ನಿಂತವನ ಮಾತು ಎಡದಿಂದಲೇ ಕೇಳಿಸಬೇಕು ಎಂಬುದು ಅವನ ಹಟ. ನಮ್ಮ ಬಯಲಿಗೆ ಅದು ಒಗ್ಗುವುದಿಲ್ಲ. ಗಂಡಸರು ಒಂದು ಮಗ್ಗುಲು, ಹೆಂಗಸರು ಒಂದು ಮಗ್ಗುಲು ಕೂರುವ ಊರಲ್ಲಿ ಎಡ-ಬಲ ಬೇರೆ ಮಾಡಿದರೆ ಗಂಡಸರಿಗೆ ಬರೀ ದೇವರು, ಹೆಂಗಸರಿಗೆ ಬರೀ ತಬಲಾ.

ದಾರಿ ತೋರಿಸಿದವನು ನನ್ನ ಅಕ್ಕನ ಮಗ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಬೋರ್ಡ್ ತಂದು, “ಮಾಮಾ, ಇದಕ್ಕ ಎರಡು ಕಿವಿ, ಎರಡು ಬಾಯಿ” ಅಂದ. ಅದರ ಮೇಲಿದ್ದದ್ದು ಅಮೆರಿಕದ ಸ್ಪಿನ್ ಸೆಮಿಕಂಡಕ್ಟರ್‌ನ ಎಫ್‌ವಿ-1. ಅಲೆಸಿಸ್ ಕಂಪನಿ ಕಟ್ಟಿದ್ದ ಕೀತ್ ಬಾರ್‌ನ ಕೈಗೂಸು ಅದು. ಗೋಡೆ ಗಡಿಯಾರದಲ್ಲಿರುವಂಥದ್ದೇ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಮಿಡಿತಕ್ಕೊಂದರಂತೆ ದನಿಯ ಚೂರು ಇಡಲು ಮನೆಗಳೂ 32,768. ಹಾಗಾಗಿ ಸರಿಯಾಗಿ ಒಂದು ಸೆಕೆಂಡಿನ ಜಾಗ. ಪ್ರತಿ ಮಿಡಿತಕ್ಕೆ 128 ಆಜ್ಞೆ ನಡೆಸಬಲ್ಲದು. ಜಾಗ ಎರಡೂ ಕಿವಿಗೆ ಸೇರಿ ಒಂದೇ, ಒಬ್ಬರು ಹೆಚ್ಚು ತಿಂದರೆ ಇನ್ನೊಬ್ಬರಿಗೆ ಕಡಿಮೆ. ನಮಗೆ ಜಗಳವೇ ಬರಲಿಲ್ಲ. ಪೂರ್ತಿ ಜಾಗ ದೇವರಿಗೇ ಬಿಟ್ಟೆವು.

ಹುಡುಗ ರಾತ್ರಿ ಕೂತು ಪ್ರೋಗ್ರಾಂ ಬರೆದ. ಎಡಕ್ಕೆ ಬಂದ ದೇವರ ಮಾತು ಮೆಮರಿಗೆ ಹೋಗಿ, ತಡೆದು, ಮತ್ತೆ ಕೂಡಿ ಎಡದಿಂದ ಹೊರಗೆ. ಪೇಟಿ-ತಬಲಾ ಬರುವ ಬಲಕ್ಕೆ ಎರಡೇ ಸಾಲು: ತಗೋ, ಕೊಡು. ಹೊರಬಂದ ಎರಡನ್ನೂ ಬೆಸೆದು ಒಂದೇ ಆಂಪ್ಲಿಫೈಯರಿಗೆ ಕೊಟ್ಟೆವು. ಒಳಗೆ ಬೇರೆ ಬೇರೆ, ಹಾರ್ನಿನಲ್ಲಿ ಒಂದೇ. ಸ್ಟೀರಿಯೋ ಅಂದವರಿಗೆ ಇದು ಅಪಚಾರ ಅನಿಸಬಹುದು, ಅನಿಸಲಿ.

ಆ ವರ್ಷದ ನಾಟಕದಲ್ಲಿ ಗದ್ದಲದಲ್ಲಿ ಜ್ಯಾಕ್ ಅದಲುಬದಲಾದವು. ದೇವರು ಪಕ್ಕದ ಮನೆಯವನ ಹಾಗೆ ಸಪ್ಪಗೆ ಮಾತಾಡಿದ, ತಬಲಾ ಮಾತ್ರ ಕೈಲಾಸದಿಂದ ಇಳಿದು ಬಂತು. ಮಾಸ್ತರು ಪೇಟಿ ನಿಲ್ಲಿಸಿ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಅಂದು ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತಂದು ಎಡ ವೈರಿಗೆ ಕಟ್ಟಿದೆ. ಬೋರ್ಡ್ ಎರಡು ಸಲ ಬದಲಾಗಿದೆ, ದಾರ ಅದೇ ಇದೆ.