ಐಬಿ ಓದುವ ಮಕ್ಕಳ 4,000 ಪದಗಳ ಪ್ರಬಂಧ: ಎಡವುವುದು ಪ್ರಶ್ನೆಯಲ್ಲೇ

ಮುಂಬೈ, ಪುಣೆ, ಹೈದರಾಬಾದ್‌ನ ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಹನ್ನೊಂದನೇ ತರಗತಿ ಅರ್ಧ ದಾಟುತ್ತಿದ್ದಂತೆ ಮಕ್ಕಳ ಬಾಯಲ್ಲಿ 'ಇಇ' ಎಂಬ ಎರಡಕ್ಷರ ಕೇಳಿಬರುತ್ತದೆ. ಎಕ್ಸ್‌ಟೆಂಡೆಡ್ ಎಸ್ಸೇ ಎಂಬುದರ ಚುಟುಕು ರೂಪ ಇದು. ಐಬಿ ಡಿಪ್ಲೊಮಾ ಓದುವ ಪ್ರತಿ ವಿದ್ಯಾರ್ಥಿಯೂ ತಾನೇ ಆರಿಸಿಕೊಂಡ ಪ್ರಶ್ನೆಗೆ ಸಂಶೋಧನೆ ಮಾಡಿ, ಗರಿಷ್ಠ 4,000 ಪದಗಳಲ್ಲಿ ಉತ್ತರ ಬರೆಯಬೇಕು. ಇದಕ್ಕೆ ಸುಮಾರು 40 ಗಂಟೆಗಳ ಕೆಲಸ ಬೇಕೆಂಬುದು ಐಬಿಯ ಲೆಕ್ಕ.

ಮೂರೇ ಅಂಕ, ಆದರೂ...

ಡಿಪ್ಲೊಮಾದ ಒಟ್ಟು ಅಂಕ 45. ಆರು ವಿಷಯಗಳಿಗೆ ತಲಾ 7ರಂತೆ 42. ಉಳಿದ 3 ಅಂಕ ಈ ಪ್ರಬಂಧ ಹಾಗೂ 'ಥಿಯರಿ ಆಫ್ ನಾಲೆಜ್' ಎಂಬ ಪಠ್ಯ ಎರಡಕ್ಕೂ ಸೇರಿ. ಮೂರು ಅಂಕಕ್ಕೆ ಇಷ್ಟೊಂದು ಗೋಳೇ ಎಂದು ಪೋಷಕರಿಗೆ ಅನಿಸುವುದು ಸಹಜ. ಆದರೆ ಪ್ರಬಂಧಕ್ಕೆ 'ಎ'ಯಿಂದ 'ಇ'ವರೆಗೆ ಗ್ರೇಡ್ ಕೊಡಲಾಗುತ್ತದೆ. 'ಇ' ಬಂದರೆ, ಉಳಿದ ವಿಷಯಗಳಲ್ಲಿ ಎಷ್ಟೇ ಅಂಕ ಬಂದಿದ್ದರೂ ಡಿಪ್ಲೊಮಾ ಸಿಗುವುದಿಲ್ಲ. ಕಾಲೇಜು ಪ್ರವೇಶಕ್ಕೆ ಅದನ್ನೇ ನಂಬಿ ಕೂತವರಿಗೆ ಇದು ಸಣ್ಣ ಹೊಡೆತವಲ್ಲ.

ವಿಷಯ ಬೇರೆ, ಪ್ರಶ್ನೆ ಬೇರೆ

ಶಾಲೆಯ ಪ್ರಾಜೆಕ್ಟ್ ಎಂದರೆ ಮಾಹಿತಿ ಗುಡ್ಡೆ ಹಾಕಿ, ಚಿತ್ರ ಅಂಟಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸುವುದು ಎಂಬ ಅಭ್ಯಾಸ ನಮ್ಮಲ್ಲಿದೆ. ಇಲ್ಲಿ ಅದು ನಡೆಯದು. ಪರೀಕ್ಷಕರು ನೋಡುವುದು ವಾದವನ್ನು, ಮಾಹಿತಿಯ ರಾಶಿಯನ್ನಲ್ಲ. ವಾದ ಹುಟ್ಟಬೇಕಾದರೆ ಪ್ರಶ್ನೆ ಚಿಕ್ಕದಾಗಿರಬೇಕು.

'ಮುಂಬೈನ ಉಡುಪಿ ಹೋಟೆಲುಗಳು' ಎಂಬುದನ್ನೇ ತೆಗೆದುಕೊಳ್ಳಿ. ಇದು ವಿಷಯ, ಪ್ರಶ್ನೆಯಲ್ಲ. ಇದರ ಮೇಲೆ ಬರೆಯಹೊರಟರೆ 4,000 ಪದ ಪೀಠಿಕೆಗೇ ಸಾಲದು. 'ಆನ್‌ಲೈನ್ ಡೆಲಿವರಿ ಆ್ಯಪ್‌ಗಳ ಕಮಿಷನ್ ಮಾಟುಂಗಾದ ಹೋಟೆಲುಗಳ ತಿಂಡಿಯ ಬೆಲೆಯನ್ನು ಎಷ್ಟರ ಮಟ್ಟಿಗೆ ಬದಲಿಸಿದೆ?' ಎಂದು ಕೇಳಿದರೆ ಅದು ಅರ್ಥಶಾಸ್ತ್ರದ ಪ್ರಶ್ನೆಯಾಗುತ್ತದೆ. ಜಾಗ ಗೊತ್ತು, ಅಳೆಯಬೇಕಾದ್ದು ಗೊತ್ತು. ಮೆನು ಕಾರ್ಡಿನ ದರ ಮತ್ತು ಆ್ಯಪ್‌ನ ದರ ಪಕ್ಕಪಕ್ಕ ಇಟ್ಟು ನೋಡಬಹುದು, ಮಾಲೀಕರನ್ನು ಮಾತನಾಡಿಸಬಹುದು. ಆದರೆ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಯಾರೂ ಸುಲಭಕ್ಕೆ ಹೇಳುವುದಿಲ್ಲ. ನಾಲ್ಕೈದು ಕಡೆ ವಿಚಾರಿಸಿ, ಉತ್ತರ ಸಿಗದಿದ್ದರೆ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕು. ಈ ಕೆಲಸ ಮೊದಲ ತಿಂಗಳಲ್ಲೇ ಆದರೆ ಕ್ಷೇಮ.

ಇತಿಹಾಸ ಆರಿಸಿಕೊಂಡವರಿಗೆ ಇನ್ನೊಂದು ನಿಯಮವಿದೆ: ಕಳೆದ ಹತ್ತು ವರ್ಷಗಳ ಘಟನೆಗಳ ಮೇಲೆ ಬರೆಯುವಂತಿಲ್ಲ. ಹೈದರಾಬಾದ್‌ನಲ್ಲಿರುವ ಕನ್ನಡದ ಹುಡುಗಿಯೊಬ್ಬಳು '1956ರಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಗಲು ಭಾಷೆಯೊಂದೇ ಕಾರಣವೇ?' ಎಂದು ಕೇಳಬಹುದು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಅವಳಿಗೆ ಮೊದಲ ಆಧಾರ. ಮನೆಯಲ್ಲಿ ಕನ್ನಡ ಓದಲು ಬರುವ ಅಜ್ಜ ಅಜ್ಜಿ ಇದ್ದರೆ ಹಳೆಯ ಕನ್ನಡ ಪತ್ರಿಕೆಗಳೂ ಆಧಾರವಾಗುತ್ತವೆ. ಬೇರೆಯವರ ಕೈಗೆ ಸುಲಭಕ್ಕೆ ಸಿಗದ ಸರಕು ಅದು.

ಇಂಗ್ಲಿಷ್ ಸಾಹಿತ್ಯದಲ್ಲಿ ಬರೆಯುವವರೂ ಕನ್ನಡವನ್ನು ಬಿಡಬೇಕಿಲ್ಲ. ಮೂಲ ಇಂಗ್ಲಿಷ್ ಕೃತಿಯೊಂದರ ಜೊತೆ ಅನುವಾದಿತ ಕೃತಿಯನ್ನು ಹೋಲಿಸಲು ಅವಕಾಶವಿದೆ. ಎ.ಕೆ. ರಾಮಾನುಜನ್ ಅನುವಾದಿಸಿದ ಅನಂತಮೂರ್ತಿಯವರ 'ಸಂಸ್ಕಾರ', ಶ್ರೀನಾಥ್ ಪೇರೂರ್ ಅನುವಾದಿಸಿದ ವಿವೇಕ ಶಾನಭಾಗರ 'ಘಾಚರ್ ಘೋಚರ್' ಎರಡೂ ಇಂಗ್ಲಿಷಿನಲ್ಲಿ ಸಿಗುತ್ತವೆ.

ಯಾರು ಎಷ್ಟು ನೆರವಾಗಬಹುದು?

ಪ್ರತಿ ವಿದ್ಯಾರ್ಥಿಗೂ ಶಾಲೆಯ ಶಿಕ್ಷಕರೊಬ್ಬರು ಮಾರ್ಗದರ್ಶಕರಾಗಿರುತ್ತಾರೆ. ಅವರು ಕೊಡುವ ಸಮಯ 3ರಿಂದ 5 ಗಂಟೆ ಮಾತ್ರ. ಪೂರ್ತಿ ಕರಡನ್ನು ಒಮ್ಮೆ ಓದಿ ಅಭಿಪ್ರಾಯ ಹೇಳಬಹುದು, ವಾಕ್ಯ ತಿದ್ದುವಂತಿಲ್ಲ. ಅಪ್ಪ ಅಮ್ಮನಿಗಾಗಲಿ, ಟ್ಯೂಷನ್ ಮೇಷ್ಟ್ರಿಗಾಗಲಿ ಬರೆದುಕೊಡುವ ಹಕ್ಕಂತೂ ಇಲ್ಲವೇ ಇಲ್ಲ. ಚಾಟ್‌ಜಿಪಿಟಿಯಂಥ ಎಐ ಸಾಧನಗಳನ್ನು ಐಬಿ ನಿಷೇಧಿಸಿಲ್ಲ. ಆದರೆ ಅದರಿಂದ ಪಡೆದ ಪಠ್ಯವನ್ನು ವಿದ್ಯಾರ್ಥಿಯ ಸ್ವಂತ ಬರಹವೆಂದು ಪರಿಗಣಿಸುವುದಿಲ್ಲ, ಬಳಸಿದ್ದರೆ ಆಧಾರದಂತೆಯೇ ನಮೂದಿಸಬೇಕು.

ಪದಮಿತಿಯೂ ಕಟ್ಟುನಿಟ್ಟು. 4,000 ಪದ ದಾಟಿದ ಮೇಲೆ ಪರೀಕ್ಷಕರು ಓದುವುದಿಲ್ಲ. ಹೆಚ್ಚು ಬರೆದವರಿಗೆ ನಷ್ಟವಾಗುವುದು ಕೊನೆಯ ತೀರ್ಮಾನದ ಭಾಗವೇ. ಗ್ರಂಥಸೂಚಿ ಈ ಲೆಕ್ಕಕ್ಕೆ ಸೇರುವುದಿಲ್ಲ.

2027ರಿಂದ ಏನು ಬದಲು?

2027ರಲ್ಲಿ ಪರೀಕ್ಷೆ ಬರೆಯುವವರಿಂದ ಹೊಸ ಮಾರ್ಗಸೂಚಿ ಅನ್ವಯ. ಪ್ರಬಂಧದ ಅಂಕ 34ರಿಂದ 30ಕ್ಕೆ ಇಳಿದಿದೆ. ಮೊದಲು ಮೂರು ಹಂತದಲ್ಲಿ ಬರೆಯಬೇಕಿದ್ದ ಆತ್ಮಾವಲೋಕನದ ಟಿಪ್ಪಣಿ ಈಗ ಕೊನೆಯಲ್ಲಿ ಒಂದೇ, 500 ಪದಗಳ ಮಿತಿಯಲ್ಲಿ. ಎರಡು ವಿಷಯಗಳನ್ನು ಬೆಸೆದು ಬರೆಯುವ ದಾರಿಯೂ ತೆರೆದಿದೆ. ಹಿರಿಯ ವಿದ್ಯಾರ್ಥಿಗಳ ಹಳೆಯ ಪ್ರಬಂಧಗಳನ್ನು ಮಾದರಿಯಾಗಿ ಇಟ್ಟುಕೊಂಡವರು ಇದನ್ನು ಗಮನಿಸಬೇಕು.

'ಇ' ಗ್ರೇಡ್ ಬಂದವರಿಗೆ ಇನ್ನೊಂದು ಅವಕಾಶವಿದೆ. ಮುಂದಿನ ಪರೀಕ್ಷಾ ಅವಧಿಗೆ ಮತ್ತೆ ನೋಂದಾಯಿಸಿಕೊಂಡು ಅದೇ ಪ್ರಬಂಧವನ್ನು ತಿದ್ದಿ ಸಲ್ಲಿಸಬಹುದು, ಇಲ್ಲವೇ ಹೊಸ ಪ್ರಶ್ನೆಯೊಂದಿಗೆ ಮೊದಲಿನಿಂದ ಬರೆಯಬಹುದು.